ಆರು ತಾಸಿನ ದಾರಿ, ಮೂಲ್ಯಾಗಿನ ಕಸಬರಿಗಿ

ಹೋಗೂ ದಿನ ಅವರು ಮುಂಜಾನೆ ಎಮ್ಮಿ ಮೈ ತೊಳದರು. ಮಧ್ಯಾಹ್ನ ಝುಣಕ ಭಕ್ರಿ ಉಂಡರು. ಆಮ್ಯಾಲೆ ಶೇಂಗಾ ಚಟ್ನಿ ಡಬ್ಬಿ ಸಲುವಾಗಿ ನನ್ನ ಕೂಡ ಜಗಳ ತಗದರು.

"ಒಂದ ಸಾಕು. ವಿಮಾನದಾಗ ತೂಕಾ ನೋಡತಾರ."

"ಮೊದಲ ನಿಮ್ಮನ್ನ ತೂಗಲಿ," ಅಂದೆ. ನಕ್ಕರು. ಎರಡೂ ಡಬ್ಬಿ ಬ್ಯಾಗಿಗೆ ಹೋದುವು.

ಗಂಡನ ಹೆಸರ ನಾ ಬಾಯಿಲೆ ಎಂದೂ ಹೇಳಿಲ್ಲ. ಬರಿಯಾಕ ಅಡ್ಡಿಲ್ಲ. ರಾವಸಾಹೇಬ. ಉಗಾರ ಬುದ್ರುಕದವರು. ಸಕ್ಕರಿ ಫ್ಯಾಕ್ಟರಿಯಾಗ ಪ್ಯಾನ್‌ಮನ್. ಕಬ್ಬಿನ ರಸ ಕುದಿಸಿ ಹರಳ ಕಟ್ಟಿಸೂದು ಕೆಲಸ. ಮನ್ಯಾಗ ಚಾಕ್ಕ ಹಾಕೂ ಸಕ್ಕರೀನೂ ಬೆರಳಾಗ ತಿಕ್ಕಿ ನೋಡತಿದ್ದರು. ಆ ಕೆಲಸ ಬಲ್ಲವರನ್ನ ಕೆನ್ಯಾದ ಫ್ಯಾಕ್ಟರಿಯವರು ನಮ್ಮ ಕಡಿಯಿಂದ ಕರಸ್ಕೋತಾರ. ಇವರು ಹೊಸದಾಗಿ ಹೊಂಟಿದ್ದರು.

ನಮ್ಮ ಮನ್ಯಾಗ ಒಂದ ರೂಢಿ ಐತಿ. ಹೊಂಟವರು ಮುಟ್ಟೂತನಕ ಕಸಾ ಹೊಡ್ಯಂಗಿಲ್ಲ. ಅಂಕಲಿಗೆ, ಮಿರಜಿಗೆ ಹೋದರ ತ್ರಾಸಿಲ್ಲ. ಕೆನ್ಯಾಕ್ಕ ಎಷ್ಟ ಹೊತ್ತ ಅಂತ ಕೇಳಿದೆ.

"ಮುಂಬೈದಿಂದ ನೈರೋಬಿ ನಾಕೂವರಿ ಸಾವಿರ ಕಿಲೋಮೀಟರ. ಆರು ತಾಸು."

"ಇಲ್ಲಿಂದ ಮುಂಬೈಗೆ ಬಸ್ಸಿಗೇ ಅದಕ್ಕಿಂತ ಹೆಚ್ಚ ಹತ್ತತೈತಿ!"

"ಹೂಂ ಮತ್ತ. ಇಳದ ಕೂಡಲೇ ಫೋನ್ ಮಾಡತೀನಿ. ಆಮ್ಯಾಲೆ ಬೇಕಾದಷ್ಟ ಗುಡಸು."

ಸಂಜಿ ಬಸ್ಸಿಗೆ ಹೋದರು. ಮರುದಿನ ಮುಂಜಾನೆ ಮುಂಬೈದಿಂದ ಫೋನ್ ಮಾಡಿ "ವಿಮಾನದಾಗ ಕುಂತೇನಿ" ಅಂದರು. ಮಧ್ಯಾಹ್ನ ದಾಟಿತು. ಫೋನ್ ಇಲ್ಲ. ಹೊತ್ತ ಮುಳುಗಾಕ ಬಂತು.

"ಶೈಲಾ, ಆರ ತಾಸ ಎಂದೋ ಆತು. ದೀಪಾ ಹಚ್ಚಬೇಕು, ಗುಡಸ," ಅಂದರು ಅತ್ತಿ ಗಿರಿಜವ್ವ.

"ಫೋನ್ ಬಂದಿಲ್ಲರಿ ಅತ್ತಿ."

"ನಿನ್ನ ಗಂಡ ಅಲ್ಲಿ ಉಂಡ ಮಲಗಿರತಾನ. ನೀ ಇಲ್ಲಿ ಕಸದಾಗ ಕುಂಡ್ರ."

ನಾ ಗುಡಸಲಿಲ್ಲ.

ದೀಪಾ ಹಚ್ಚಿದ ಮ್ಯಾಲೆ ಸಂಗ್ರಾಮನ ಫೋನ್ ಬಂತು. ಕೆನ್ಯಾದ ಅದೇ ಫ್ಯಾಕ್ಟರಿಯಾಗ ಕೆಲಸಕ್ಕಿದ್ದ ನಮ್ಮ ಕಡಿಯವ, ಇವರನ್ನ ಕರಕೊಂಡ ಹೋಗಾಕ ವಿಮಾನ ನಿಲ್ದಾಣಕ್ಕ ಬಂದಿದ್ದ.

"ವೈನಿ, ಬ್ಯಾಗ ತಗೊಳ್ಳೂ ಮುಂದ ಎದಿ ಹಿಡಕೊಂಡ ಬಿದ್ದರು. ದವಾಖಾನಿಗೆ ಒಯ್ದೆವು. ಉಳೀಲಿಲ್ಲ."

"ಮುಟ್ಟಿದ್ದರೇನ?" ಅಂದೆ.

"ಮುಟ್ಟಿದ್ದರ್ರಿ."

ತಿರುಗಿ ಬರೂದೂ ಆರ ತಾಸಿನ ದಾರಿನ. ಆದರ ಹೆಣಕ್ಕ ಕಾಗದಪತ್ರ ಆಗೂತನಕ ವಾರ ದಾಟಿತು. ಕಸಬರಿಗಿ ಮೂಲ್ಯಾಗ ನಿಂತಿತ್ತು. ಹೆಣ ಮನಿಗೆ ಬರೂತನಕ ಅತ್ತೀನೂ ಅದನ್ನ ಮುಟ್ಟಲಿಲ್ಲ.

ಹೆಣ ಮನಿಯಿಂದ ಹೊಂಟ ಕೂಡಲೇ ಗುಡಿಸಿ ತೊಳೀಬೇಕು. ಅದೂ ರೂಢಿ. ಅವರನ್ನ ಹೊಳಿ ದಂಡಿ ಮಸಣಕ್ಕ ಎತ್ತಿಕೊಂಡ ಹೋದರು. ಬಾಜೂ ಮನಿ ರಾಮವ್ವ ಕಸಬರಿಗಿ ಹಿಡದಳು. ನಾ ಅಕಿ ಕೈ ಹಿಡದೆ.

"ತಡಿ ಬೇ. ಇನ್ನಾ ಹೊಳಿ ದಂಡಿ ಮುಟ್ಟಿಲ್ಲ ಅವರು."

ರಾಮವ್ವ ಅತ್ತಿ ಮಾರಿ ನೋಡಿದಳು.

"ಇಡ ಅದನ್ನ," ಅಂದರು ಅತ್ತಿ. "ಮುಟ್ಟಲಿ ನನ್ನ ಮಗ."

ಈಗ ನನ್ನ ಮಗಳು ರೂಪಾಲಿ ದಿನಾ ಮುಂಜಾನೆ ಬಸ್ಸಿಗೆ ಕಾಗವಾಡ ಕಾಲೇಜಿಗೆ ಹೋಗತಾಳ. "ಅವ್ವಾ, ಕಾಗವಾಡ ಇಲ್ಲೇ ಐತಲ್ಲ," ಅಂತ ನಗತಾಳ. ನಗಲಿ. ಎಮ್ಮಿಗೆ ಮೇವ ಹಾಕತೀನಿ, ಭಾಂಡೆ ತಿಕ್ಕತೀನಿ. ಫೋನ್ ಬರತೈತಿ. "ಮುಟ್ಟಿದೆ ಅವ್ವಾ." ಆಮ್ಯಾಲೆ ಕಸಬರಿಗಿ ತಗೊಂಡು ಪಡಸಾಲಿ ಗುಡಸತೀನಿ.