ಅಬುಧಾಬಿಯಲ್ಲಿ ಮಿಂದ ಕಾಂಡ್ಲಾ ಚಿತ್ರ

ಮಂಗಳೂರಿನ ವಿಮಾನ ದುಬೈಯಲ್ಲಿ ಇಳಿದಾಗ ಬೆಳಗಾಗಿತ್ತು. ಡಿಸೆಂಬರಿನ ಹಿತವಾದ ಚಳಿ. ಹೆಗಲಲ್ಲಿ ಒಂದೇ ಚೀಲ. ಅದರಲ್ಲಿ ನನ್ನ ಬಟ್ಟೆಬರೆಗಳ ಜೊತೆ, ಅಬುಧಾಬಿಯ ಪ್ರದರ್ಶನದಲ್ಲಿ ತೂಗುಹಾಕಬೇಕಿದ್ದ ಸೀರೆಯುದ್ದದ ನನ್ನ ಚಿತ್ರ. ನಮ್ಮೂರ ಹೊಳೆಯ ಉಪ್ಪುನೀರಿನಲ್ಲಿ ಬೆಳೆದಿದ್ದ ಕಾಂಡ್ಲಾ ಮರಗಳನ್ನು ರಸ್ತೆಗೆಂದು ಕಡಿದು ಹಾಕಿದ್ದರು. ನಾನು ಅವುಗಳ ತೊಗಟೆ ಕುದಿಸಿ, ಆ ಕಷಾಯದಲ್ಲಿ ಬಟ್ಟೆ ಅದ್ದಿ, ಬೇರುಗಳಿಗೆ ಹೊಳೆಯ ಕೆಸರು ಬಳಿದು ಅದರ ಮೇಲೆ ಒತ್ತಿದ್ದೆ. ಮರಗಳೇ ಇಲ್ಲದ ಮೇಲೆ ಅಂಥ ಇನ್ನೊಂದು ಚಿತ್ರ ಆಗುವಂತಿರಲಿಲ್ಲ.

ದುಬೈಯ ದೇರಾ ಪ್ರದೇಶದ ಮೀನು ಮಾರುಕಟ್ಟೆ ನೋಡುವ ಚಪಲ ಬಿಡಲಿಲ್ಲ. ಚೀಲ ಹೊತ್ತುಕೊಂಡೇ ಸುತ್ತಿದೆ. ಅಂಜಲ್ ಮೀನಿನ ಫೋಟೋ ತೆಗೆಯಲು ಚೀಲವನ್ನು ಒಮ್ಮೆ ಒದ್ದೆ ನೆಲಕ್ಕಿಟ್ಟೆ. ಅಬುಧಾಬಿಗೆ ಬಸ್ಸಿನಲ್ಲಿ ಇಪ್ಪತ್ತೈದು ದಿರ್ಹಮ್, ಎರಡು ಗಂಟೆ ದಾರಿ. ಪಕ್ಕದಲ್ಲಿದ್ದವರು ಮೂಗು ಮುಚ್ಚಿಕೊಂಡು ಬೇರೆ ಸೀಟಿಗೆ ಹೋದರು. ಕರಾವಳಿಯವಳಿಗೆ ಮೀನಿನ ವಾಸನೆ ಒಂದು ವಾಸನೆಯೇ? ಆರಾಮವಾಗಿ ಕಾಲು ಚಾಚಿದೆ.

ದೊಡ್ಡಮ್ಮನ ಮಗಳು ವಾರಿಜಕ್ಕ ಅಲ್ಲಿ ನರ್ಸ್. ಬಸ್ ನಿಲ್ದಾಣಕ್ಕೆ ಕಾರು ತಂದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತನ್ನ ಮನೆಗೆ ಕರೆದೊಯ್ದಳು. ಗಂಜಿ, ಒಣಮೀನಿನ ಚಟ್ನಿ ಉಂಡು ಮಲಗಿದವಳು ಏಳುವಾಗ ಸಂಜೆ. ಚೀಲ ಖಾಲಿ ಬಿದ್ದಿತ್ತು.

“ಅಕ್ಕಾ, ಇದ್ರಗಿದ್ದದ್ದ್ ಎಲ್ಲಿ?”

“ಚೀಲ ಇಡೀ ಮೀನ್ ವಾಸ್ನಿ ಮಾರಾಯ್ತಿ! ಎಲ್ಲ ಮೆಷಿನ್ನಿಗ್ ಹಾಕ್ದೆ. ಆ ದೊಡ್ಡ ಬಟ್ಟಿ ತುಂಬ ಕೆಸ್ರ್, ಸೋಪಿನ್ ಪುಡಿ ಸ್ವಲ್ಪ ಜಾಸ್ತಿ ಹಾಕಿದೆ.”

ಓಡಿದೆ. ಮೆಷಿನ್ನಿನ ಗಾಜಿನ ಹಿಂದೆ ಕಪ್ಪು ಚಹಾದಂಥ ನೀರು ತಿರುಗುತ್ತಿತ್ತು. ಬಾಗಿಲು ಎಳೆದರೆ ಬರಲಿಲ್ಲ. ನೆಲದಲ್ಲೇ ಕುಳಿತು ಅತ್ತೆ, ಬಾಯಿಗೆ ಬಂದಂತೆ ಬೈದೆ. “ನಾಳೆ ಗೋಡೆಗೆ ನಿನ್ನ ಟವೆಲ್ ನೇತುಹಾಕ್ಲಾ?” ಎಂದೂ ಕೇಳಿದೆ. ಅಕ್ಕ ಮುಖ ಸಣ್ಣದು ಮಾಡಿಕೊಂಡು ಪಕ್ಕದಲ್ಲಿ ಕುಳಿತಳು.

ಮೆಷಿನ್ ನಿಂತ ಮೇಲೆ ಇಬ್ಬರೂ ಸೇರಿ ಬಟ್ಟೆ ಹರಡಿದೆವು. ಅಂಟಿ ಒಣಗಿದ್ದ ಕೆಸರು ಮಾತ್ರ ಹೋಗಿತ್ತು. ಬೇರುಗಳ ಕಪ್ಪು ಗುರುತು ಎಳೆ ಎಳೆಯಾಗಿ ಉಳಿದಿತ್ತು. ತೊಗಟೆಯ ಕೆಂಪು ಇನ್ನಷ್ಟು ಗಾಢವಾಗಿತ್ತು. ಹೋದ ಜೀವ ಬಂದಂತಾಯಿತು.

ಅಕ್ಕನಿಗೂ ಬಾಯಿ ಬಂತು. “ಇದ್ ಕಾಂಡ್ಲಾ ತೊಗ್ಟಿ ಅಲ್ದಾ? ಅಜ್ಜಯ್ಯ ಮೀನಿನ್ ಬಲಿ ಅದ್ದುದ್ ಇದ್ರಗೇ. ಸಮುದ್ರದಗೇ ಬಿಡದ್ ಬಣ್ಣ ನನ್ ಮೆಷಿನ್ನಿಗ್ ಬಿಡುತ್ತಾ?”

ನಾನು ಆ ಕೆಲಸ ಕಲಿತದ್ದೇ ಅಜ್ಜಯ್ಯನಿಂದ, ಗಾಬರಿಯಲ್ಲಿ ಅದೇ ಹೊಳೆದಿರಲಿಲ್ಲ. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮರುದಿನ ಹಮ್ದಾನ್ ಸ್ಟ್ರೀಟ್ ಬಳಿಯ ಸಭಾಂಗಣದಲ್ಲಿ ಚಿತ್ರ ತೂಗಿತು. ಮೈಸೂರಿನ ಹಿರಿಯರೊಬ್ಬರು, “ಮುಟ್ಟಬಹುದೇನಮ್ಮಾ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, “ಮುಟ್ಟಿ ಸರ್, ನಾನ್ ತೊಳ್ದೇ ನೋಡಿದ್ದೆ” ಎಂದಳು.

ಪ್ರದರ್ಶನ ಮುಗಿಸಿ ಮರಳುವಾಗ ಬಸ್ಸಿನ ಕಿಟಕಿಯಲ್ಲಿ, ಉಬ್ಬರದ ನೀರಿಗೆ ಸೊಂಟದವರೆಗೆ ಇಳಿದು ನಿಂತ ಕಾಂಡ್ಲಾ ಕಾಡು ಕಾಣಿಸಿತು. ನಮ್ಮ ಹೊಳೆಯಲ್ಲಿ ಈಗ ಇವಿಲ್ಲವಲ್ಲ ಎಂದು ಸಂಕಟವಾಯಿತು. ಚೀಲವನ್ನು ಮಡಿಲಿಗೆಳೆದುಕೊಂಡೆ. ಘಮ್ಮೆಂದು ಸೋಪಿನ ಪರಿಮಳ. ಈ ಸಲ ಪಕ್ಕದವರು ಎದ್ದು ಹೋಗಲಿಲ್ಲ.