ಜೇಬಿನ ಕ್ಯಾಮೆರಾಕ್ಕೊಂದು ಪಟ್ಟಿ

ದೊಡ್ಡ ಡಿಎಸ್ಎಲ್ಆರ್ ಕ್ಯಾಮೆರಾ ಹೊತ್ತು ಹೆಗಲು ನೋಯುತ್ತದೆ, ಜೊತೆಗೆ ಜೇಬಿಗೊಂದು ಚಿಕ್ಕ ಕ್ಯಾಮೆರಾ ಬೇಕು ಎಂದು ದಾವಣಗೆರೆಯ ಅಂಗಡಿಯಲ್ಲಿ ಹೇಳಿದೆ. ಅಂಗಡಿಯವರು ಎರಡನ್ನು ತೋರಿಸಿದರು. ಜೂಮ್ ಹೆಚ್ಚಿದ್ದದ್ದು ಜೇಬಿನಲ್ಲಿ ಉಬ್ಬಿ ನಿಂತಿತು. ಇನ್ನೊಂದು ಸಲೀಸಾಗಿ ಒಳಗೆ ಕೂತಿತು.

“ಇದನ್ನೇ ತಗೊಳ್ರಿ ಸರ್. ನೀವು ಫೋಟೊ ತೆಗಿಯೋದು ಒಬ್ರಿಗೂ ಗೊತ್ತಾಗಲ್ಲ.”

ನನಗೆ ಬೇಕಾಗಿದ್ದೂ ಅದೇ. ಆದರೂ ಹಿಂಜರಿದೆ. ಕಳೆದ ತಿಂಗಳು ಹರಿಹರದ ಹೊಳೆದಂಡೆಯಲ್ಲಿ ಅಜ್ಜಿಯೊಬ್ಬರು ನನ್ನ ದೊಡ್ಡ ಕ್ಯಾಮೆರಾ ನೋಡಿ, ಮೊಮ್ಮಗನ ಕೂದಲು ತೆಗೆಸುವ ಜವಳಕ್ಕೆ ಕರೆಸಿದ ಫೋಟೊಗ್ರಾಫರ್ ಎಂದೇ ತಿಳಿದಿದ್ದರು.

“ಏ ಫೋಟೊದಪ್ಪ, ಅದ್ರಾಗೆ ಇಣುಕಿದ್ರೆ ಹೊಟ್ಟೆ ತುಂಬ್ತೈತಾ? ಕುಂತ್ಕ, ಉಣ್ಣು!”

ನಾನು ಅವನಲ್ಲ ಎಂದು ಹೇಳಲಿಲ್ಲ. ಹೋಗಿ ಪಂಕ್ತಿಯಲ್ಲಿ ಕೂತೆ. ಗೋಧಿ ಹುಗ್ಗಿಯನ್ನು ಅಜ್ಜಿ ಎರಡು ಸಲ ಬಡಿಸಿದರೆಂದು ನೆನಪು. ಒಂದೇ ಸಲವಿದ್ದು, ಎರಡನೆಯದನ್ನು ನನ್ನ ಆಸೆ ಸೇರಿಸಿಕೊಂಡಿರಲೂಬಹುದು. ಆದರೆ ಆ ಊಟಕ್ಕೂ ಮೊದಲು, ಕೊನೆಯ ಸಲ ಯಾರ ಪಕ್ಕ ಕೂತು ಉಂಡಿದ್ದೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ.

ಚಿಕ್ಕದನ್ನೇ ಕೊಂಡೆ. “ಕೊರಳಿಗೆ ಹಾಕ್ಕೊಳ್ಳೋ ಪಟ್ಟಿ ಐತೇನ್ರಿ?” ಎಂದು ಕೇಳಿದೆ.

“ಜೇಬಿನ ಕ್ಯಾಮೆರಾಕ್ಕೆ ಪಟ್ಟಿ ಯಾಕ್ರಿ ಸರ್?” ಅಂಗಡಿಯವರು ನಕ್ಕರು.

“ನಾಕು ಜನಕ್ಕೆ ಕಾಣ್ಲಿ ಅಂತ,” ಎಂದೆ.