ಲೆಕ್ಕದ ಮೇಲೆ ರಾಮನಾಥನ ಗುಮಾನಿ

ಬೈತಖೋಲ ಬಂದರಿನ ಹರಾಜಿನಲ್ಲಿ ಬುಟ್ಟಿಯ ತಳಕ್ಕೆ ಕೈ ಹಾಕಿ ನೋಡದೆ ಮೀನು ಕೊಂಡವನಲ್ಲ ವ್ಯಾಪಾರಿ ರಾಮನಾಥ. ಸಂಜೆ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸುವಾಗಲೂ ಅದೇ ಗುಮಾನಿ.

“ಮಾಸ್ತರೇ, ನೀತಾ ಆಡಿದಷ್ಟು ಹೊತ್ತೂ ನಾವೇ ಮುಂದೆ. ಲೆಕ್ಕ ನೋಡಿ,” ಎಂದು ಸಹಾಯಕ ನಿತೇಶ ಲ್ಯಾಪ್‌ಟಾಪ್ ತಿರುಗಿಸಿದ.

“ಅವಳು ಒಂದು ಪಾಯಿಂಟೂ ತರೂದಿಲ್ಲ. ಜೊತೆಗೆ ಯಾರಿರ್ತಾರೆ?”

“ಯಾವಾಗ್ಲೂ ನಂದಿನಿ.”

“ಹಾಗಾದ್ರೆ ಅದು ನಂದಿನಿ ತಂದ ಪಾಯಿಂಟು ಮಾರಾಯಾ!”

ಅಂಕೋಲಾದ ಪಂದ್ಯದಲ್ಲಿ, ಲೆಕ್ಕದ ಬಣ್ಣ ಬಯಲು ಮಾಡಲೆಂದೇ, ರಾಮನಾಥ ನಂದಿನಿಯನ್ನು ಹೊರಗೆ ಕೂರಿಸಿ ನೀತಾಳನ್ನು ಇಳಿಸಿದ. ನೀತಾ ಪಾಯಿಂಟು ತರಲಿಲ್ಲ. ಆದರೆ ಅವಳು ಅಡ್ಡ ನಿಂತಲ್ಲಿ ಎದುರಾಳಿಗಳಿಗೆ ದಾರಿಯೇ ಸಿಗಲಿಲ್ಲ. ತಂಡ ಸುಲಭವಾಗಿ ಗೆದ್ದಿತು.

ರಾಮನಾಥ ಚಪ್ಪಾಳೆ ತಟ್ಟಲಿಲ್ಲ. ಮೂರು ವರ್ಷ ಕಣ್ಣುಮುಚ್ಚಿ ಹೊಗಳಿದ್ದ ನಂದಿನಿಯತ್ತ ತಿರುಗಿ, ಬುಟ್ಟಿಯ ತಳ ನೋಡುವಂತೆ ಮೊದಲ ಸಲ ಅವಳನ್ನು ನೋಡಿದ.